ಷಡ್ಡಕನ ಎದೆಯ ಮೇಲೆ ನನ್ನ ಕಣ್ಣು

ಪಕ್ಕದವರ ಹೊಲ ಮನೆ ನೋಡಿ ಹೊಟ್ಟೆಕಿಚ್ಚು ಪಡುವವರನ್ನು ನೀವು ಕಂಡಿರುತ್ತೀರಿ. ನಾನು ಷಡ್ಡಕನ ಹೃದಯರೋಗ ನೋಡಿ ಹೊಟ್ಟೆಕಿಚ್ಚು ಪಟ್ಟವನು. ನಗಬೇಡಿ. ಆಗ ಸೇಲಂನ ನಮ್ಮ ನೇಕಾರರ ಬೀದಿಯಲ್ಲಿ ಇದ್ದಿದ್ದರೆ ನೀವೂ ಪಡುತ್ತಿದ್ದಿರಿ.

ಚೌಡಣ್ಣ ಎಂದರೆ ನನ್ನ ಹೆಂಡತಿ ಲಿಂಗಮ್ಮನ ಅಕ್ಕನ ಗಂಡ. ನಮ್ಮ ಎದುರು ಮನೆಯವನು, ನನ್ನಂತೆಯೇ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಬದುಕುವವನು. ಆದರೆ ಮಾವನ ಮನೆಯ ಊಟದ ಎಲೆಯಲ್ಲಿ ಮೊದಲಿನಿಂದಲೂ ಅವನಿಗೆ ಎರಡು ಒಬ್ಬಟ್ಟು, ನನಗೆ ಒಂದೂವರೆ. ಕೊನೆಗೆ ರೋಗದಲ್ಲೂ ದೊಡ್ಡದು ಅವನಿಗೇ ಬಂತು. ನನಗೆ ಬಂದದ್ದು ಮಂಡಿನೋವು. ಮಂಡಿನೋವಿಗೆ ಯಾವ ದೊರೆ ಮರ್ಯಾದೆ ಕೊಡುತ್ತಾನೆ ಹೇಳಿ?

ನಮ್ಮ ಬೀದಿಯ ಕಟ್ಟಳೆ ಒಂದಿದೆ. ಮಗ್ಗಕ್ಕೇರಿಸುವ ಉದ್ದೆಳೆಗಳ ಹಾಸು ಯಾರ ಮನೆಯದೇ ಆಗಲಿ, ಬಿಸಿಲು ಏರುವ ಮೊದಲು ಅದನ್ನು ಬೀದಿಯುದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡಬೇಕು. ಅದಕ್ಕೆ ಮನೆಗೊಬ್ಬ ಗಂಡಸು ಬರಲೇಬೇಕು. ಅದಕ್ಕೂ ಮುಂಚೆ, ನೆಟ್ಟ ಕೋಲುಗಳ ನಡುವೆ ಎಳೆ ಬಿಡುತ್ತಾ ದಿನವಿಡೀ ಆ ತುದಿಗೂ ಈ ತುದಿಗೂ ನಡೆದು ಆ ಹಾಸನ್ನು ಮಾಡುವುದು ಹೆಂಗಸರ ಪಾಲು. ಸಾವು ಸೂತಕ ಬಿಟ್ಟರೆ ಇದರಿಂದ ಯಾರಿಗೂ ಬಿಡುಗಡೆ ಇಲ್ಲ. ಅಂಥ ಕಟ್ಟಳೆಯಿಂದ ಚೌಡಣ್ಣನಿಗೆ ಬಿಡುಗಡೆ ಸಿಕ್ಕಿತು! ಇಂಗ್ಲಿಷ್ ಮದ್ದಿನ ಡಾಕ್ಟರು ಅವನ ಎದೆಗೆ ಕೊಳವೆ ಇಟ್ಟು, "ಹಾರ್ಟು ವೀಕು, ಮೈ ದಣಿಸಬಾರದು" ಎಂದಿದ್ದೇ ತಡ, ಅವನು ಮನೆಮುಂದಿನ ತಿಣ್ಣೆಯ ಮೇಲೆ ದಿಂಬಿಗೆ ಒರಗಿ ಕೂತ. ಕೈಯಲ್ಲಿ ಕಾಫಿ ಲೋಟ. ನಾವು ಗಂಜಿಯಲ್ಲಿ ಮೊಣಕೈವರೆಗೆ ಮುಳುಗಿದ್ದರೆ ಅವನು ಕೂತಲ್ಲಿಂದಲೇ, "ಲೋ, ಅಲ್ಲಿ ಒಸಿ ಗಟ್ಟಿ ಆಯ್ತು ಕಣ್ರೋ" ಎನ್ನುತ್ತಿದ್ದ.

ಆಂಜನೇಯ ಎದೆ ಬಗೆದು ತೋರಿಸಿದಾಗ ಒಳಗೆ ಸೀತಾರಾಮರಿದ್ದರಂತೆ. ಆ ದಿನಗಳಲ್ಲಿ ನನ್ನ ಎದೆ ಬಗೆದಿದ್ದರೆ ಚೌಡಣ್ಣನ ಕಾಫಿ ಲೋಟ ಸಿಗುತ್ತಿತ್ತು.

ಎದೆಯ ವಿಷಯದಲ್ಲಿ ನಮ್ಮ ಬೀದಿಗೆ ತನ್ನದೇ ಶಾಸ್ತ್ರವಿತ್ತು. ಹೃದಯ ಗಾಡಿಯ ಅಚ್ಚಿನ ಹಾಗೆ, ಒಣಗಿದರೆ ಕಿರುಗುಟ್ಟುತ್ತದೆ, ಆದ್ದರಿಂದ ತುಪ್ಪ ಸುರಿಯಬೇಕು. ಚೌಡಣ್ಣನ ಎಲೆಯಲ್ಲಿ ತುಪ್ಪ ಹರಿಯುತ್ತಿತ್ತು. ಲಾಳಿ ಎಸೆಯುವ ಕೈಯವನಿಗೆ ಎದೆ ಕಲ್ಲಾಗಿರುತ್ತದೆ. ಹೆಂಗಸರಿಗಂತೂ ಎದೆಯ ರೋಗ ಬರುವುದೇ ಇಲ್ಲ, ಅವರಿಗೆ ಬರುವುದು ವಾಯು. ಶುಂಠಿ ಕಷಾಯ ಕುಡಿಸಿದರೆ ಮುಗಿಯಿತು. ಲಿಂಗಮ್ಮ ಎಳೆ ಬಿಡುತ್ತಾ ನಡುನಡುವೆ ಕೋಲು ಹಿಡಿದು ನಿಂತು ಬಾಯಲ್ಲಿ ಉಸಿರು ತೆಗೆಯುವಾಗ ನಾನೂ ಈ ಶಾಸ್ತ್ರವನ್ನೇ ಓದಿದವನು. "ಶುಂಠಿ ಕುಡಿ" ಎಂದು ಹೇಳಿ ಮತ್ತೆ ತಿಣ್ಣೆಯ ಕಡೆ ನೋಡಿ ಉರಿದುಕೊಳ್ಳುತ್ತಿದ್ದೆ.

ನನಗೂ ಎದೆ ನೋವು ಬರುತ್ತದೆ ಎಂದು ಒಮ್ಮೆ ಬೀದಿಯ ಹಿರಿಯ ಮುತ್ತಜ್ಜನ ಮುಂದೆ ಹೇಳಿ ನೋಡಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ಅಳೆದು, "ಅದು ಯೋಚ್ನೆ ಮಾಡೋರ್ಗೆ ಬರೋ ಕಾಯಿಲೆ ಕಣ್ಲಾ. ನಿಂಗೆಲ್ಲಿಂದ ಬತ್ತೈತೆ?" ಎಂದ. ಚೌಡಣ್ಣ ಯೋಚನೆ ಮಾಡುವವನಂತೆ! ಆ ಮಾತಿಗೆ ನಿಜವಾಗಿಯೂ ಎದೆ ಚುಳ್ ಎಂದಿತು. ಇನ್ನು ತಡೆಯಲಾರೆ, ನನಗೂ ಡಾಕ್ಟರ ಬಾಯಿಂದ ಒಂದು ರೋಗ ಬೇಕೇ ಬೇಕು ಎಂದು ಹೊರಟೆ.

ಹೃದಯರೋಗಿ ಒಬ್ಬನೇ ಹೋಗುವುದು ಶೋಭೆಯಲ್ಲ. ಚೌಡಣ್ಣನ ಜೊತೆ ನಾಲ್ಕು ಜನ ಹೋಗಿದ್ದರು. ನನಗೆ ಸಿಕ್ಕಿದವಳು ಲಿಂಗಮ್ಮ ಒಬ್ಬಳೇ. ಅವಳ ಕೈಗೆ ಕೊಡೆ ಕೊಟ್ಟು, ರೋಗಿಗೆ ತಕ್ಕಂತೆ ಮೆಲ್ಲಗೆ ಹೆಜ್ಜೆ ಹಾಕಿದೆ. ಒಂದು ವಿಚಿತ್ರ ನೋಡಿ, ಅಷ್ಟು ಮೆಲ್ಲಗೆ ನಡೆದರೂ ಅವಳೇ ಹಿಂದೆ ಉಳಿಯುತ್ತಿದ್ದಳು. ನನಗೆ ಸಿಟ್ಟು ಬಂತು. "ಯಾರ್ಗೆ ಕಾಯಿಲೆ, ನಂಗೋ ನಿಂಗೋ?" ಎಂದು ಗದರಿದೆ.

ಡಾಕ್ಟರು ನನ್ನ ಎದೆ, ಬೆನ್ನು ಎರಡಕ್ಕೂ ಕೊಳವೆ ಇಟ್ಟು ಕೇಳಿದರು. ನಾನು ನರಳಿದೆ. "ಒಣ್ಣುಮ್ ಇಲ್ಲೆ, ಎರುದು ಮಾದಿರಿ ಇರುಕ್ಕೀರ್" ಎಂದುಬಿಟ್ಟರು. ಏನೂ ಇಲ್ಲವಂತೆ, ಎತ್ತಿನ ಹಾಗಿದ್ದೇನಂತೆ! ಅಷ್ಟು ಒಳ್ಳೆಯ ಸುದ್ದಿಗೆ ಅಷ್ಟು ಅವಮಾನಪಟ್ಟವನು ಸೇಲಂ ಜಿಲ್ಲೆಯಲ್ಲಿ ಇನ್ನೊಬ್ಬನಿರಲಾರ.

ಆದರೆ ಅವರ ಕಣ್ಣು ಆಗಲೇ ನನ್ನನ್ನು ಬಿಟ್ಟು ಬಾಗಿಲ ಬಳಿ ಹೋಗಿತ್ತು. ಮೂರು ಮೆಟ್ಟಿಲು ಹತ್ತಿದ್ದಕ್ಕೆ ಲಿಂಗಮ್ಮ ಇನ್ನೂ ಏದುಸಿರು ಬಿಡುತ್ತಿದ್ದಳು. ಅವಳನ್ನು ಕರೆದು ಕೂರಿಸಿದರು. ಕಾಲಿನ ಗೆಣ್ಣು ಒತ್ತಿ ನೋಡಿದರು. ಒತ್ತಿದ ಕಡೆ ಕುಳಿ ಬಿತ್ತು. ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ, ಚಿಕ್ಕಂದಿನಲ್ಲಿ ಕೀಲು ಊದಿ ಜ್ವರ ಬಂದಿತ್ತಾ ಎಂದರು.

"ಬಂದಿತ್ತು ಸಾಮಿ. ನಮ್ಮಪ್ಪನ ಊರು ಹರೂರಲ್ಲಿ, ಅತ್ತು ವರ್ಸದೋಳು ನಾನು. ಮೂರು ತಿಂಗ್ಳು ಅಪ್ಪ ಎತ್ಕೊಂಡೇ ಓಡಾಡ್ತಿದ್ದ."

ಆ ಜ್ವರವೇ ಅವಳ ಹೃದಯದೊಳಗಿನ ಒಂದು ಕದವನ್ನು ಕೆಡಿಸಿದೆ, ಅದು ಸರಿಯಾಗಿ ಮುಚ್ಚುತ್ತಿಲ್ಲ ಎಂದರು ಡಾಕ್ಟರು. ಉಪ್ಪು ಕಡಿಮೆ ಮಾಡಿ, ಭಾರ ಹೊರಬಾರದು, ಬೀದಿಯಲ್ಲಿ ಎಳೆ ಬಿಡುವುದು ಇವತ್ತಿಗೇ ನಿಲ್ಲಬೇಕು. ಜೋಪಾನವಾಗಿದ್ದರೆ ಬಹಳ ಕಾಲ ಇರುತ್ತಾಳೆ, ಇಲ್ಲದಿದ್ದರೆ ಇಲ್ಲ. ನನ್ನ ತಲೆಯಿಂದ ಚೌಡಣ್ಣ, ಅವನ ತಿಣ್ಣೆ, ಅವನ ತುಪ್ಪ ಎಲ್ಲಾ ಎತ್ತಲೋ ಹೋದವು.

ಆದರೆ ಹೊಟ್ಟೆಕಿಚ್ಚಿನವನಿಗೆ ಹೊಟ್ಟೆಕಿಚ್ಚು ಅಷ್ಟು ಸುಲಭವಾಗಿ ಬಿಡುತ್ತದೆಯೇ? ಹೊರಗೆ ಬಂದಾಗ ಅದು ಡಾಕ್ಟರ ಮೇಲೆ ತಿರುಗಿತ್ತು. ಹದಿನೇಳು ವರ್ಷ ಒಂದೇ ಸೂರಿನಡಿ ಇದ್ದವನು ನಾನು. ಆ ಜ್ವರದ ಸುದ್ದಿಯೇ ನನಗೆ ಗೊತ್ತಿಲ್ಲ, ಗಳಿಗೆ ಹೊತ್ತು ಕಂಡ ಆ ಮನುಷ್ಯನಿಗೆ ಅವಳು ಎಲ್ಲವನ್ನೂ ಹೇಳಿಬಿಟ್ಟಳಲ್ಲ!

"ನಂಗ್ಯಾಕೆ ಯೇಳಿರ್ಲಿಲ್ಲ?" ಎಂದೆ.

"ನೀವೆಲ್ಲಿ ಕೇಳುದ್ರಿ?" ಎಂದಳು, ಸಿಟ್ಟಿಲ್ಲದೆ.

ಕೊಡೆ ನಾನು ಹಿಡಿದೆ. ನಡೆಯುತ್ತಾ ಕೇಳತೊಡಗಿದೆ. ಜ್ವರದಲ್ಲಿ ತುಂಬಾ ನೋಯುತ್ತಿತ್ತೇ, ಅಪ್ಪ ಎತ್ತಿಕೊಂಡು ಎಲ್ಲಿಗೆ ಕರೆದೊಯ್ಯುತ್ತಿದ್ದ, ಅತ್ತರೆ ಏನು ಕೊಡುತ್ತಿದ್ದ, ನಮ್ಮ ಮನೆಗೆ ಬಂದ ಹೊಸದರಲ್ಲಿ ಉಸಿರು ಹೀಗೇ ಆಗುತ್ತಿತ್ತೇ. ಅವಳು ಒಂದೊಂದಕ್ಕೂ ಉತ್ತರ ಹೇಳುತ್ತಿದ್ದಳು, ನನಗೆ ಇನ್ನೊಂದು ಹುಟ್ಟುತ್ತಿತ್ತು. ಕೊನೆಗೆ ಅವಳೇ ನನ್ನ ಕೈ ಹಿಡಿದು, "ಒಸಿ ತಡೀರಿ, ಉಸ್ರು ಕಟ್ತೈತೆ" ಎಂದಳು.

ಹಿಂದಿನಿಂದ ಒಬ್ಬ ಗಾಡಿಯವನು ದಾರಿ ಬಿಡಿ ಎಂದು ಕೂಗಿದ. ಸುತ್ತಿಕೊಂಡು ಹೋಗಪ್ಪ ಎಂದು ಕೈ ತೋರಿಸಿ, ಅವಳ ಉಸಿರು ತಿರುಗುವವರೆಗೂ ನಿಂತೆ.