ಗಂಡನ ಜೊತೆ ಊರು ನೋಡಲು ಹೋದ ಎರ್ಮೆಲಿಂಡಾ

ಗಂಡನ ಜೊತೆ ನಾಲ್ಕಾರು ದಿನ ಪೋರ್ಟೊ, ಲಿಸ್ಬನ್ ಎಲ್ಲ ನಿಧಾನವಾಗಿ ಸುತ್ತಿ ಬರುತ್ತೇನೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದ ಎರ್ಮೆಲಿಂಡಾ, ಹೊರಡುವ ಹಿಂದಿನ ದಿನ ನಮ್ಮ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡಳು.

"ಪ್ರಜೇರಿಸ್, ನೀನೂ ಬಾರೆ."

"ಗಂಡ ಹೆಂಡ್ತಿ ಮಧ್ಯೆ ನಾನ್ಯಾಕೆ ಮಾರಾಯ್ತಿ? ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲನೇ ಸಲ ಜೋಡಿಯಾಗಿ ಹೋಗ್ತಿದೀರಿ."

"ಅದಕ್ಕೇ ಕಣೆ. ಅವನ ಜೊತೆ ಒಬ್ಬಳೇ ಇರೋಕೆ ನಂಗೆ ಒಂಥರಾ ಸಂಕೋಚ. ಏನಂತ ಮಾತಾಡ್ಲಿ ಹೇಳು?"

ನಗು ಉಕ್ಕಿ ಬಂತು. ಅವಳ ಮುಖ ನೋಡಿ ನುಂಗಿಕೊಂಡೆ. ನಾನು ಗಂಡ ಸತ್ತವಳು, ಮನೆಯಲ್ಲಿ ಕಾಯುವವರು ಯಾರೂ ಇರಲಿಲ್ಲ. ಒಪ್ಪಿಕೊಂಡೆ.

ಅವಳ ಗಂಡ ಅಬೀಲಿಯು ಮದುವೆಯಾದ ಮರುವರ್ಷವೇ ಗಾರೆ ಕೆಲಸಕ್ಕೆಂದು ಲಕ್ಸೆಂಬರ್ಗಿಗೆ ಹೋದವನು. ನಮ್ಮ ಮಿರಾಂದೆಲಾ ಸೀಮೆಯಲ್ಲಿ ಹಾಗೆ ಹೋಗದೆ ಉಳಿದ ಗಂಡಸರೇ ಕಡಿಮೆ. ಅತ್ತೆ ಹಾಸಿಗೆ ಹಿಡಿದಿದ್ದರಿಂದ ಎರ್ಮೆಲಿಂಡಾ ಊರಲ್ಲೇ ಉಳಿದಳು. ಅತ್ತೆ ತೀರಿಕೊಂಡ ಮೇಲೆ ಹೊಸ ಮನೆ ಏಳತೊಡಗಿತು, ಅದನ್ನು ನೋಡಿಕೊಳ್ಳಲು ಉಳಿದಳು. ಮನೆ ಮುಗಿದ ಮೇಲೆ ಯಾಕೆ ಉಳಿದಳೆಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ.

ಪ್ರತಿ ಆಗಸ್ಟಿನಲ್ಲಿ ಅಬೀಲಿಯು ಬರುತ್ತಿದ್ದ. ಕಾರಿನ ಡಿಕ್ಕಿ ತುಂಬ ಚಾಕೊಲೇಟು, ಕಾಫಿಪುಡಿ, ಉಣ್ಣೆಯ ಹೊದಿಕೆ. ಆ ತಿಂಗಳು ಎರ್ಮೆಲಿಂಡಾ ತಲೆಗೆ ಬಣ್ಣ ಹಚ್ಚಿಕೊಂಡು, ಎಳೆಗುರಿಯ ಮಾಂಸ ಬೇಯಿಸಿ ನೆಂಟರನ್ನೆಲ್ಲ ಊಟಕ್ಕೆ ಕರೆಯುತ್ತಿದ್ದಳು. ಊರಹಬ್ಬದಲ್ಲಿ ಪಟಾಕಿ ಹಾರಿಸುವ ದಿನ ಗಂಡನ ತೋಳು ಹಿಡಿದು ಚರ್ಚಿನ ಅಂಗಳದಲ್ಲಿ ಕುಣಿಯುತ್ತಿದ್ದಳು. ತಿಂಗಳ ಕೊನೆಗೆ ಅವನು ಹೊರಟ ಮೇಲೆ ಎರಡು ದಿನ ಮಲಗಿ, ಮೂರನೆಯ ದಿನ ತೋಟಕ್ಕೆ ಇಳಿಯುತ್ತಿದ್ದಳು. ಮಕ್ಕಳಾಗಲಿಲ್ಲ. "ಪಾಪ, ಒಂದು ತಿಂಗಳು ಎಲ್ಲಿಗೆ ಸಾಕು?" ಎಂದು ಬಟ್ಟೆ ಒಗೆಯುವ ತೊಟ್ಟಿಯ ಬಳಿ ಹೆಂಗಸರು ಕಿಸಿಕಿಸಿ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಕೊನೆಗೆ ಪಿಂಚಣಿಯಾಗಿ, ಒಂದು ವಸಂತದಲ್ಲಿ ಅವನು ಶಾಶ್ವತವಾಗಿ ಊರಿಗೆ ಬಂದ. ಬೆಳಕು ಹರಿಯುವ ಮೊದಲೇ ಎದ್ದು ತನ್ನ ಕಾಫಿ ತಾನೇ ಮಾಡಿಕೊಳ್ಳುತ್ತಿದ್ದ. ಬಟ್ಟಲು ತೊಳೆದಿಟ್ಟು, ತನ್ನ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಂಡು, ಬೂಟು ತೊಟ್ಟು ವರಾಂಡದಲ್ಲಿ ಕೂರುತ್ತಿದ್ದ, ಯಾರೋ ಕೆಲಸಕ್ಕೆ ಕರೆದೊಯ್ಯಲು ಬರುವವರಿದ್ದಾರೆ ಎನ್ನುವ ಹಾಗೆ. ಇವಳಿಗೆ ಮಾಡಲು ಏನೂ ಉಳಿಯುತ್ತಿರಲಿಲ್ಲ. ಸೆಪ್ಟೆಂಬರ್ ಬಂದಾಗ ಒಂದು ದಿನ ಬಾಯಿ ತಪ್ಪಿ, "ಯಾವಾಗ ಹೊರಡ್ತೀಯ?" ಎಂದು ಕೇಳಿಬಿಟ್ಟಳಂತೆ. ಆಮೇಲೆಯೇ ಅವಳಿಗೆ ಈ ಪ್ರವಾಸ ಹೊಳೆದದ್ದು. ಜೊತೆಯಲ್ಲಿ ತಿರುಗಿದರೆ ರೂಢಿಯಾಗುತ್ತದೆ ಎಂದು ಅವಳ ಲೆಕ್ಕ.

ಪೋರ್ಟೊದಲ್ಲಿ ಮೊದಲು ಅಂಗಡಿ ಬೀದಿಗೇ ಹೋದೆವು. ಅಬೀಲಿಯು ಹುರುಪಿನಲ್ಲಿದ್ದ. ಹೆಂಡತಿಗೆ ಒಳ್ಳೆಯ ಚಪ್ಪಲಿ ಅಂಗಡಿಯಲ್ಲಿ ಬೂಟು ಕೊಡಿಸುತ್ತೇನೆಂದು ಒಳಗೆ ಹೋಗಿ, ಅಂಗಡಿ ಹುಡುಗಿಗೆ ತಾನೇ ಹೇಳಿದ:

"ಮೂವತ್ತಾರನೇ ನಂಬರ್ ಕೊಡಮ್ಮ. ನನ್ನ ಹೆಂಡ್ತಿದು ಸಣ್ಣ ಕಾಲು."

ಎರ್ಮೆಲಿಂಡಾ ಕಾಲು ತುರುಕಿದಳು. "ಸರಿಯಾಗಿದೆ" ಎಂದಳು. ಅದನ್ನೇ ಹಾಕಿಕೊಂಡು ನದಿಯ ಕಡೆಗೆ ಇಳಿದಳು. ಪೋರ್ಟೊದ ಇಳಿಜಾರು ಬರಿಗಾಲಿನವರಿಗೇ ಕಷ್ಟ. ಸೇತುವೆಯ ನಡುವೆ ಹೋಗುವಷ್ಟರಲ್ಲಿ ಕಂಬಿ ಹಿಡಿದು ನಿಂತುಬಿಟ್ಟಳು. ನನಗೆ ತಡೆಯಲಾಗಲಿಲ್ಲ.

"ಅಬೀಲಿಯು ಅವ್ರೇ, ಇವಳ ಕಾಲು ಮೂವತ್ತೊಂಬತ್ತು. ಹಿಮ್ಮಡಿ ನೋಡಿ, ರಕ್ತ ಬರ್ತಿದೆ."

ಅವನು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ನಿನ್ನ ಕಾಲು ಯಾವಾಗ ಬೆಳೀತು?"

"ನನ್ನೇನು ಕೇಳ್ತೀಯ ಮನುಷ್ಯಾ? ತೋಟದಲ್ಲಿ ನಿಂತೂ ನಿಂತೂ ಅಗಲ ಆಯ್ತು."

ವಾಪಸ್ ಹತ್ತಿ ಹೋದಾಗ ಅಂಗಡಿಯವರು ಬದಲಾಯಿಸಿಕೊಟ್ಟರು. ಆದರೆ ಅವನ ಹುರುಪು ಅಲ್ಲಿಗೇ ಇಳಿದುಹೋಯಿತು. ಆಮೇಲೆ ಚರ್ಚು ನೋಡಲು ಹೋದರೆ ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದ. ಊಟಕ್ಕೆ ಕೂತರೆ, ಅವಳಿಗೆ ಏನು ತರಿಸಲಿ ಎಂದು ನನ್ನನ್ನು ಕೇಳುತ್ತಿದ್ದ.

ಲಿಸ್ಬನ್ ದಾರಿಯಲ್ಲಿ ಕೊಯಿಂಬ್ರಾದಲ್ಲಿ ಇಳಿದಾಗ ಒಂದು ಘಟನೆ ನಡೆಯಿತು. ಕಾಫಿ ಕುಡಿಯುತ್ತಿದ್ದಾಗ ಯಾರೋ ಹಿಂದಿನಿಂದ ಬಂದು ಅಬೀಲಿಯುವಿನ ಬೆನ್ನಿಗೆ ಗುದ್ದಿದರು. ವಿಟೊರೀನೊ ಅಂತೆ, ಲಕ್ಸೆಂಬರ್ಗಿನಲ್ಲಿ ಇವನ ಜೊತೆ ಒಂದೇ ಕೋಣೆಯಲ್ಲಿದ್ದವನು. ಅಬೀಲಿಯು ಎದ್ದು ನಿಂತು ಅವನನ್ನು ತಬ್ಬಿಕೊಂಡ. ಆಮೇಲೆ ಇಬ್ಬರೂ ಅರ್ಧ ನಮ್ಮ ಭಾಷೆ, ಅರ್ಧ ಫ್ರೆಂಚು ಬೆರೆಸಿ ಮಾತಿಗೆ ಶುರುಮಾಡಿದರು. ಹಿಮದಲ್ಲಿ ಕಟ್ಟಡದ ಸಾರುವೆ ಏರಿದ್ದು, ಮೇಸ್ತ್ರಿಯ ಟೋಪಿ ಕದ್ದದ್ದು, ಭಾನುವಾರದ ಇಸ್ಪೀಟು. ಅಬೀಲಿಯು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವನು ಹಾಗೆ ನಗಬಲ್ಲ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಎರ್ಮೆಲಿಂಡಾಳನ್ನು ನೋಡಿದೆ, ಅವಳಿಗೂ ಗೊತ್ತಿರಲಿಲ್ಲ.

ಹೊರಡುವಾಗ ವಿಟೊರೀನೊ ನಮ್ಮ ಕಡೆ ತಿರುಗಿದ. "ಇವರಲ್ಲಿ ಯಾರೋ ನಿನ್ನ ತಂಗಿ?"

"ಇವಳು ನನ್ನ ಹೆಂಡ್ತಿ."

"ಹೆಂಡ್ತಿನಾ! ಕಳ್ಳ ನನ್ಮಗನೆ, ಇಷ್ಟು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ತಿಂದ್ವಿ, ಹೆಂಡ್ತಿ ಇದಾಳೆ ಅಂತ ಬಾಯಿ ಬಿಡ್ಲಿಲ್ಲವಲ್ಲೋ!"

ತಮಾಷೆಗೇ ಅಂದದ್ದು. ಎರ್ಮೆಲಿಂಡಾ ನಕ್ಕು ಕೈಕುಲುಕಿದಳು. ಲಿಸ್ಬನ್ ರೈಲಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತವಳು ನಿಲ್ದಾಣ ಬರುವವರೆಗೆ ತಿರುಗಲಿಲ್ಲ.

ಆದರೂ ಲಿಸ್ಬನ್ನಿನಲ್ಲಿ ಮತ್ತೆ ಹಟ ಹಿಡಿದಳು. ಟ್ರಾಮ್ ಹತ್ತಿಸಿದಳು, ಗುಡ್ಡದ ಮೇಲಿಂದ ಊರು ತೋರಿಸಿದಳು, ಬಿಸಿ ಕಸ್ಟರ್ಡ್ ಕಡುಬು ತಿನ್ನಿಸಿದಳು. ಹಳೇ ಪೇಟೆಯ ಜವಳಿ ಅಂಗಡಿಯಲ್ಲಿ ಊರಿನ ಮನೆಯ ಮಹಡಿಯ ಕೋಣೆಗಳಿಗೆ ಪರದೆ ಬಟ್ಟೆ ಆರಿಸಲು ಕೂತಳು. ಹಸಿರೋ ನೀಲಿಯೋ ಎಂದು ಗಂಡನನ್ನು ಕೇಳಿದಳು. ಅವನು "ತಗೋಬೇಡ, ಲಿಂಡಾ" ಎಂದ.

ನದಿಯ ದಂಡೆಯ ಕಲ್ಲು ಮೆಟ್ಟಿಲ ಮೇಲೆ ಮೂವರೂ ಕೂತೆವು. ನಾನು ಎದ್ದು ಹೋಗಬೇಕೆಂದಿದ್ದೆ, ಎರ್ಮೆಲಿಂಡಾ ನನ್ನ ಶಾಲಿನ ತುದಿ ಹಿಡಿದುಕೊಂಡಿದ್ದಳು.

"ನಾನು ವಾಪಸ್ ಹೋಗ್ತೀನಿ" ಎಂದ ಅಬೀಲಿಯು.

"ಅಲ್ಲಿ ಯಾರಿದಾರೆ? ನಿಜ ಹೇಳು, ನಾನು ಕೂಗಾಡಲ್ಲ."

"ಯಾರೂ ಇಲ್ಲ."

"ಯಾರಾದ್ರೂ ಇದ್ರೆ ಹೇಳು ಮನುಷ್ಯಾ. ಇದ್ರೆ ನಂಗೆ ಅರ್ಥ ಆಗುತ್ತೆ."

"ಯಾರೂ ಇಲ್ಲ ಲಿಂಡಾ, ದೇವರಾಣೆ. ಒಂದು ಕೋಣೆ, ಒಂದು ಒಲೆ. ಅಲ್ಲಿ ನಂಗೆ ಯಾರೂ ಬೇಕು ಅನ್ಸಲ್ಲ. ಇಲ್ಲಿ ನೀನು ಎದುರಿಗಿದ್ರೆ, ನಾನೇನೋ ಮಾಡ್ಬೇಕು, ಅದೇನು ಅಂತ ಗೊತ್ತಾಗಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಅದೇ ಆಗುತ್ತೆ."

ಅವನು ಅಳುತ್ತಿದ್ದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. ಎರ್ಮೆಲಿಂಡಾ ಕರವಸ್ತ್ರ ತೆಗೆದುಕೊಟ್ಟಳು. "ಸರಿ ಬಿಡು," ಎಂದಳು, "ನಂಗೂ ಹಾಗೇ ಆಗುತ್ತೆ."

ಚಳಿಗಾಲಕ್ಕೆ ಮುಂಚೆ ಅವನು ಹೋದ. ದಾರಿಗೆಂದು ಸಾಸೇಜು, ರೊಟ್ಟಿ ಕಟ್ಟಿಕೊಟ್ಟಳು. ಮರುವರ್ಷ ಆಗಸ್ಟಿನಲ್ಲಿ ಬಂದ. ಅವಳು ಎಂದಿನಂತೆ ಮಾಂಸ ಬೇಯಿಸಿದಳು, ನೆಂಟರು ಬಂದರು. ಆದರೆ ಇಬ್ಬರೂ ಊಟದ ಮೇಜಿನಲ್ಲಿ ಒಬ್ಬರಿಗೊಬ್ಬರು "ಥ್ಯಾಂಕ್ಸ್" ಹೇಳಿಕೊಳ್ಳುತ್ತಿದ್ದುದನ್ನು ಕೇಳಿ ನನಗೆ ಅಲ್ಲಿ ಕೂರಲಾಗಲಿಲ್ಲ. ಅದರ ಮುಂದಿನ ವರ್ಷ ಮಂಡಿನೋವು ಎಂದು ಫೋನ್ ಮಾಡಿದ. ಆಮೇಲೆ ಬಂದಿಲ್ಲ.

ಈಗ ಅವಳು ಕೆಳಗಿನ ಅಡುಗೆಮನೆಯಲ್ಲೇ ಮಂಚ ಹಾಕಿಕೊಂಡಿದ್ದಾಳೆ. ತೋಟ ಅರ್ಧ ಬೀಳುಬಿದ್ದಿದೆ. ಮೊನ್ನೆ ಚರ್ಚಿನಿಂದ ಬರುವಾಗ ಗಂಡ ಸತ್ತಾಗಿನಿಂದ ನಾನು ಉಡುವ ಕಪ್ಪು ಲಂಗ ಮುಟ್ಟಿ ನೋಡಿದಳು.

"ನೀನೇ ವಾಸಿ ಕಣೆ ಪ್ರಜೇರಿಸ್. ನಿಂಗೆ ಏನು ಉಡಬೇಕು ಅಂತ ಗೊತ್ತು."

ಅವಳ ತೋಳು ಹಿಡಿದು ಮನೆಯವರೆಗೆ ಬಿಟ್ಟು ಬಂದೆ.