ನಮ್ಮ ಜಾಗಕ್ಕೆ ಬರೋರು

ಹಳೇ ಭಟ್ಟಿ ಬಂದ್ ಮಾಡಿ ನಮ್ಮನ್ನು ಕೆಲಸದಿಂದ ತೆಗೆದಾಗ ಸಿಮೆಂಟ್ ಕಂಪನಿ ಒಂದು ಉಪಕಾರ ಮಾಡಿತು. ಯಾವುದಾದರೂ ಕೋರ್ಸಿಗೆ ಸೇರಿದರೆ ಫೀಸು ತಾನೇ ಕಟ್ಟುವುದಾಗಿ ಪತ್ರ ಕೊಟ್ಟಿತು. ಷರತ್ತು ಒಂದೇ, ದಿನವೂ ಹಾಜರಿ ಚೀಟಿಗೆ ಕಲಿಸುವವರ ಸಹಿ ಬೇಕು. ಹೀಗಾಗಿ ಐವತ್ತರ ಹತ್ತಿರ ಬಂದ ನಾನೂ, ಇಪ್ಪತ್ತು ವರ್ಷ ನನ್ನ ಜೊತೆ ಭಟ್ಟಿ ಕಾದ ಖಾಜಾಸಾಬನೂ ಶಹಾಬಾದಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿದೆವು.

ಮೊದಲ ದಿನ ಪಾಠ ಮುಗಿದು ಗಂಟೆ ಹೊಡೆಯಿತು. ಹುಡುಗ ಹುಡುಗಿಯರೆಲ್ಲ ಎದ್ದು ಹೋದರು. ನಾವಿಬ್ಬರೂ ಕುಂತೇ ಇದ್ದೆವು. ನನ್ನ ಮಗಳ ವಯಸ್ಸಿನ ಟೀಚರು ಚೀಟಿಗೆ ಸಹಿ ಮಾಡಿಕೊಟ್ಟು, "ಯಾಕ್ರಿ ಕಾಕಾ, ಮನಿಗೆ ಹೋಗಂಗಿಲ್ಲೇನ್ರಿ?" ಅಂದಳು.

ಖಾಜಾಸಾಬ ಬಾಗಿಲ ಕಡೆ ನೋಡುತ್ತ, "ನಮ್ಮ ಜಾಗಕ್ಕ ಬರೋರು ಇನ್ನಾ ಬಂದಿಲ್ರಿ ಮೇಡಂ" ಅಂದ.

ಭಟ್ಟಿ ಮುಂದೆ ಅದೇ ಕಾಯಿದೆ ಇತ್ತು. ಪಾಳಿ ಮುಗಿಯಿತೆಂದು ಫ್ಯಾಕ್ಟರಿ ಭೋಂಗಾ ಎಷ್ಟೇ ಕೂಗಲಿ, ಮುಂದಿನ ಪಾಳಿಯವನು ಬಂದು ಭುಜ ಮುಟ್ಟುವ ತನಕ ಜಾಗ ಬಿಡುವಂತಿಲ್ಲ. ತಡವಾಗಿ ಬಂದವನು ತಪ್ಪಿಗೆ ಚಹಾ ಕುಡಿಸಬೇಕು. ಎಷ್ಟು ಚಹಾ ಹಂಗ ಕುಡಿದಿದ್ದೆವೋ.

ಟೀಚರು ನಕ್ಕಳು, ನಾವೂ ನಗುತ್ತ ಎದ್ದೆವು. ಹೊರಗೆ ಬಂದ ಮೇಲೆ ಖಾಜಾಸಾಬ ಮೆಲ್ಲಗೆ ಅಂದ, "ಅಣ್ಣಾ, ಕಡೀ ದಿನ ಭಟ್ಟಿ ಬಿಟ್ಟು ಬಂದ್ವಲ್ಲ, ಅವತ್ತ ನಮ್ಮ ಜಾಗಕ್ಕ ಯಾರೂ ಬರಲಿಲ್ಲ ನೋಡು."

ಆ ತಪ್ಪಿನ ಚಹಾ ಯಾರು ಕುಡಿಸಬೇಕೋ ತಿಳಿಯಲಿಲ್ಲ. ನಾನೇ ಕುಡಿಸಿದೆ.