ಖಾಲಿ ಗೋಡೆಯ ಮೇಲಿನ ಲೋಟ

ದೆವ್ವ, ಪವಾಡ ಎಂದವರನ್ನು ಮುಖದ ಮೇಲೇ ನಕ್ಕು ಕಳಿಸುತ್ತಿದ್ದವಳು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಚಾಮರಾಜಪೇಟೆಯ ಆ ಸಂಜೆಗೆ ಏನೆನ್ನಬೇಕೋ ಇವತ್ತಿಗೂ ತಿಳಿದಿಲ್ಲ.

ಫೋಟೋ ಪ್ರದರ್ಶನ ಏರ್ಪಡಿಸುವುದು ನನ್ನ ಕೆಲಸ. ಯಾರೂ ಗೋಡೆ ಕೊಡದವರಿಗೆ ಗೋಡೆ ಕೊಡಿಸುವವಳು ಎಂಬ ಜಂಬ ಬೇರೆ. ಆ ಸಲ ರತ್ನಮ್ಮನ ಸರದಿ. ಅವರು ತ್ಯಾಗರಾಜನಗರದ ಬೀದಿ ಗುಡಿಸುವ ಪೌರಕಾರ್ಮಿಕರು. ಮೊಬೈಲಿನಲ್ಲೇ ಎದೆ ಝಲ್ಲೆನ್ನುವಂಥ ಚಿತ್ರ ತೆಗೆಯುತ್ತಾರೆ. ಅದು ಅವರ ಮೊದಲ ಪ್ರದರ್ಶನ. ನಡುಗೋಡೆಗೆ ಅವರೇ ಆರಿಸಿದ್ದು ಒಂದು ಲೋಟದ ಚಿತ್ರ: ಕಾಂಪೌಂಡಿನ ಮೇಲೆ ಬೋರಲು ಹಾಕಿದ, ಅಂಚು ನೆಗ್ಗಿದ ಸ್ಟೀಲ್ ಲೋಟ. ಗುಡಿಸುವವರಿಗೆ ಕಾಫಿ ಕೊಡಲೆಂದೇ ಕೆಲವು ಮನೆಯವರು ಹೊರಗಿಡುವ ಲೋಟ. ಕುಡಿದು, ತೊಳೆದು, ಅಲ್ಲೇ ಬೋರಲು ಹಾಕಿ ಹೋಗಬೇಕು. ಒಳಗೆ ಬರುವಂತಿಲ್ಲ.

ನಮಗೆ ಹಾಲ್ ಕೊಟ್ಟಿದ್ದ, ತ್ಯಾಗರಾಜನಗರದಲ್ಲೇ ಮನೆಯಿದ್ದ ತರಗುಪೇಟೆಯ ವ್ಯಾಪಾರಿ ಮಧ್ಯಾಹ್ನ ಬಂದು ಅದನ್ನು ನೋಡಿ ಕೆಂಡವಾದ. "ಇದು ನಮ್ಮನೆ ಕಾಂಪೌಂಡು ಕಣ್ರೀ! ತೆಗೀರಿ, ಇಲ್ಲಾಂದ್ರೆ ಹಾಲ್‌ಗೆ ಬೀಗ ಹಾಕಿಸ್ತೀನಿ."

ಉಗಿದು ಕಳಿಸಬೇಕಿತ್ತು. ಥೂ, ನಾನು ತೆಗೆದೆ! ಕೈಯಾರೆ ಇಳಿಸಿ, ಬಟ್ಟೆ ಸುತ್ತಿ, ಕಾರಿನ ಡಿಕ್ಕಿಯಲ್ಲಿಟ್ಟೆ. ಉಳಿದ ಚಿತ್ರಗಳಾದರೂ ಉಳಿಯಲಿ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. "ಬಿಡಿ ಮೇಡಂ, ನಂಗೇನ್ ಹೊಸ್ದಾ?" ಎಂದರು ರತ್ನಮ್ಮ. ಅವನ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು.

ಸಂಜೆ ಉದ್ಘಾಟನೆಗೆ ಅವನು ತನ್ನ ತಾಯಿಯನ್ನು ಕರೆತಂದ. ಎಂಬತ್ತು ದಾಟಿದ ಆಕೆ ನೇರ ಆ ಖಾಲಿ ಗೋಡೆಯ ಮುಂದೆ ಹೋಗಿ ನಿಂತುಬಿಟ್ಟರು. ಅಲ್ಲಿ ಎರಡು ಮೊಳೆ ಬಿಟ್ಟರೆ ಏನೂ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆಕೆ ಗೋಡೆಗೆ ಬೆರಳಿಟ್ಟರು.

"ಇದು ನಮ್ಮನೆ ಲೋಟ ಅಲ್ವೇನೋ? ಇಲ್ನೋಡು, ಅಂಚು ನೆಗ್ಗಿದೆ. ನಾನೇ ಹೊರಗಿಟ್ಟಿದ್ದು ಕಣೋ."

"ಅಮ್ಮಾ, ಅಲ್ಲೇನಿಲ್ಲ, ನಡಿ" ಎಂದು ಮಗ ಕೈ ಹಿಡಿದೆಳೆದ. ಆಕೆ ಕದಲಲಿಲ್ಲ. ಎಲ್ಲರೆದುರು ಅಳುತ್ತಾ ನಿಂತರು.

ಚಿತ್ರದ ವಿಷಯ ಮಗನೇ ಮೊದಲು ಹೇಳಿರಬೇಕು ಎಂದುಕೊಂಡೆ. ಆದರೆ ಅವನ ಮುಖ ಬಿಳುಚಿಕೊಂಡಿತ್ತು. ಮೇಲಾಗಿ ಆಕೆಯ ಬೆರಳಿದ್ದದ್ದು ಚಿತ್ರದಲ್ಲಿ ಲೋಟವಿದ್ದ ಜಾಗದಲ್ಲೇ. ಓಡಿ ಹೋಗಿ ಡಿಕ್ಕಿ ತೆಗೆದೆ. ಚಿತ್ರ ಸುತ್ತಿಟ್ಟ ಹಾಗೇ ಇತ್ತು. ತಂದು ಅದೇ ಮೊಳೆಗಳಿಗೆ ತೂಗುಹಾಕಿದೆ. ಈ ಸಲ ಯಾರೂ ತಡೆಯಲಿಲ್ಲ.

ವರ್ಷಗಳಾದವು, ಇದಕ್ಕೆ ಅರ್ಥ ಸಿಕ್ಕಿಲ್ಲ. ಅವತ್ತು ಹಾಲ್ ಖಾಲಿಯಾದ ಮೇಲೆ ರತ್ನಮ್ಮ ಕೇಳಿದರು:

"ಆ ಅಜ್ಜಿಗೆ ಕಂಡಿದ್ದು ನಿಮಗ್ಯಾಕೆ ಕಾಣ್ಲಿಲ್ಲ ಮೇಡಂ?"